ಶಾಲೆಯಲ್ಲಿ ಸೇವೆ: ಶಿಕ್ಷೆಯೂ ಆಗದಂತೆ, ಪ್ರದರ್ಶನವೂ ಆಗದಂತೆ ನಡೆಸುವುದು ಹೇಗೆ?

ಮಕ್ಕಳಲ್ಲಿ ದಯೆ, ಸೌಜನ್ಯ, ಸೇವಾ ಮನೋಭಾವ ಬೆಳೆಯಬೇಕೆಂಬ ಮಾತಿಗೆ ಎದುರಾಡುವ ಶಿಕ್ಷಕರಾಗಲಿ ಪೋಷಕರಾಗಲಿ ಇಲ್ಲ. ಆದರೂ ಬಹಳಷ್ಟು ಶಾಲೆಗಳಲ್ಲಿ ಈ ಕಾಳಜಿ ಬೆಳಗಿನ ಪ್ರಾರ್ಥನೆಯ ನಂತರ ಓದುವ ಸುಭಾಷಿತ, ಗೋಡೆಯ ಮೇಲೆ ಬರೆಸಿದ ನುಡಿಮುತ್ತು, ಗಾಂಧಿ ಜಯಂತಿಯಂದು ಪೊರಕೆ ಹಿಡಿದು ನಡೆಸುವ ಎರಡು ಗಂಟೆಯ ಶ್ರಮದಾನ, ಇಷ್ಟಕ್ಕೇ ಮುಗಿದುಹೋಗುತ್ತದೆ. ಇನ್ನೊಬ್ಬರ ಕಷ್ಟವನ್ನು ಗಮನಿಸುವುದು, ಅದಕ್ಕೆ ತನ್ನ ಕೈಲಾದದ್ದನ್ನು ಮಾಡುವುದು, ಮಾಡಿದ್ದನ್ನು ಹೇಳಿಕೊಂಡು ತಿರುಗದಿರುವುದು, ಇವೆಲ್ಲ ಕೇಳಿ ಕಲಿಯುವ ಗುಣಗಳಲ್ಲ. ವಾರವಾರವೂ ಮಾಡುತ್ತ ಮಾಡುತ್ತ ಮೈಗೂಡುವಂಥವು. ಎಂಟರಿಂದ ಹತ್ತನೇ ತರಗತಿಯವರೆಗಿನ ಒಂದು ಸಾಮಾನ್ಯ ಸರ್ಕಾರಿ ಅಥವಾ ಅನುದಾನಿತ ಪ್ರೌಢಶಾಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಇದನ್ನು ವರ್ಷವಿಡೀ ನಡೆಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ನಮ್ಮ ನಾಡಿಗೆ ಇದು ಹೊಸದೇನಲ್ಲ. ಸ್ವಾತಂತ್ರ್ಯ ಹೋರಾಟಗಾರ ಡಾ. ನಾ.ಸು. ಹರ್ಡೀಕರ್ ಅವರು 1923ರಲ್ಲಿ ಕಟ್ಟಿದ ಸ್ವಯಂಸೇವಕರ ಸಂಘಟನೆ ಹಿಂದೂಸ್ತಾನಿ ಸೇವಾದಳ ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯ ನಂಟಿನಲ್ಲಿ. ಮರುವರ್ಷ ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಯಂಸೇವಕರ ಶಿಸ್ತು ದೇಶಕ್ಕೆಲ್ಲ ಪರಿಚಯವಾಯಿತು. ಭಾರತ ಸೇವಾದಳ, ಸ್ಕೌಟ್ಸ್ ಮತ್ತು ಗೈಡ್ಸ್, ಜೂನಿಯರ್ ರೆಡ್ ಕ್ರಾಸ್ ಘಟಕಗಳು ಇಂದಿಗೂ ನಮ್ಮ ಶಾಲೆಗಳಲ್ಲಿವೆ. 1969ರ ಸೆಪ್ಟೆಂಬರ್ 24ರಂದು, ಗಾಂಧಿ ಜನ್ಮ ಶತಮಾನೋತ್ಸವದ ವರ್ಷದಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ (ಎನ್‌ಎಸ್‌ಎಸ್) ಲೆಕ್ಕಾಚಾರದಿಂದ ಪ್ರೌಢಶಾಲೆಗಳು ಕಲಿಯಬೇಕಾದದ್ದು ಒಂದಿದೆ. ಎನ್‌ಎಸ್‌ಎಸ್ ಸ್ವಯಂಸೇವಕರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆಗಳ ನಿಯಮಿತ ಸೇವೆ ಸಲ್ಲಿಸಬೇಕು. ಏಳು ದಿನಗಳ ವಿಶೇಷ ಶಿಬಿರ ಬೇರೆಯೇ. ಜನರ ನೆನಪಿನಲ್ಲಿ ಉಳಿಯುವುದು ಶಿಬಿರ, ಆದರೆ ಯೋಜನೆಯ ಬೆನ್ನೆಲುಬು ಆ ನಿಯಮಿತ ಗಂಟೆಗಳೇ. ಪ್ರೌಢಶಾಲೆಯ ಮಕ್ಕಳಿಗೆ ಅಷ್ಟು ಸಮಯ ಸಿಗಲಾರದು, ಬೇಡ ಕೂಡ. ಶನಿವಾರದ ಅರ್ಧ ದಿನದ ಶಾಲೆಯಲ್ಲಿ ಕೊನೆಯ ಒಂದು ಗಂಟೆ ಸಾಕು. ಆದರೆ ಅದು ಪ್ರತಿ ಶನಿವಾರವೂ ಇರಬೇಕು.

ಮೊದಲು ಊರನ್ನು ಕೇಳಬೇಕು

ಜೂನ್ ತಿಂಗಳಲ್ಲಿ ದಾಖಲಾತಿಯ ಗಡಿಬಿಡಿ ಇಳಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ, ಏನು ಮಾಡಬೇಕೆಂದು ಶಿಕ್ಷಕರ ಕೊಠಡಿಯಲ್ಲಿ ಕುಳಿತು ತೀರ್ಮಾನಿಸದಿರುವುದು. ಮಕ್ಕಳನ್ನು ನಾಲ್ಕೈದು ಜನರ ತಂಡಗಳಾಗಿ ಮಾಡಿ, ಪ್ರತಿ ತಂಡದೊಂದಿಗೆ ಒಬ್ಬ ಹಿರಿಯರನ್ನು ಕೊಟ್ಟು, ಶಾಲೆಯ ಸುತ್ತಲಿನ ಕೇರಿ, ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಗ್ರಾಮ ಪಂಚಾಯಿತಿ ಗ್ರಂಥಾಲಯ, ಬಸ್ ನಿಲ್ದಾಣಗಳಿಗೆ ಕಳುಹಿಸಬೇಕು. ಅವರು ಅಲ್ಲಿ ಏನನ್ನೂ ಮಾಡಬೇಕಾಗಿಲ್ಲ. ನೋಡಬೇಕು, ಕೇಳಬೇಕು, ಬರೆದುಕೊಂಡು ಬರಬೇಕು. ‘ಅಜ್ಜಿ, ನಿಮಗೆ ದಿನದಲ್ಲಿ ಯಾವ ಕೆಲಸ ಕಷ್ಟ ಆಗ್ತದೆ?’ ಎಂದು ಕೇಳಿದರೆ ಬರುವ ಉತ್ತರಗಳು ನಾವು ಊಹಿಸಿದಂತೆ ಇರುವುದಿಲ್ಲ. ಮನೆ ಮುಂದೆ ಕಸ ಗುಡಿಸಿಕೊಡಿ ಎಂದು ಯಾವ ಅಜ್ಜಿಯೂ ಕೇಳುವುದಿಲ್ಲ. ಮಾತ್ರೆಯ ಪಟ್ಟಿಯ ಮೇಲಿನ ಅಕ್ಷರ ಕಾಣಿಸುವುದಿಲ್ಲ, ಬೆಳಗಿನದು ಯಾವುದು ರಾತ್ರಿಯದು ಯಾವುದು ಎಂದು ಗುರುತು ಮಾಡಿಕೊಡಿ ಎನ್ನಬಹುದು. ಸಂಧ್ಯಾ ಸುರಕ್ಷಾ ಪಿಂಚಣಿ ಎರಡು ತಿಂಗಳಿಂದ ಬಂದಿಲ್ಲ, ಅರ್ಜಿ ಬರೆದುಕೊಡಿ ಎನ್ನಬಹುದು. ಅಥವಾ ಸುಮ್ಮನೆ ಬಂದು ಕೂತು ಮಾತಾಡಿಸಿ ಹೋಗಿ ಸಾಕು ಎನ್ನಬಹುದು. ಅಂಗನವಾಡಿ ಕಾರ್ಯಕರ್ತೆಗೆ ಬೇಕಿರುವುದು ಮಕ್ಕಳಿಗೆ ಕಥೆ ಹೇಳುವವರು. ಗ್ರಂಥಪಾಲಕರಿಗೆ ಬೇಕಿರುವುದು ಹರಿದ ಪುಸ್ತಕಗಳಿಗೆ ರಟ್ಟು ಹಾಕುವ ಕೈಗಳು.

ಹೀಗೆ ಕೇಳಿ ಬಂದ ಮಗುವಿಗೆ, ಸೇವೆಯೆಂದರೆ ತನಗೆ ತೋಚಿದ್ದನ್ನು ಇನ್ನೊಬ್ಬರ ಮೇಲೆ ಹೇರುವುದಲ್ಲ, ಅವರಿಗೆ ಬೇಕಾದದ್ದನ್ನು ತಿಳಿದು ಮಾಡುವುದು ಎಂಬುದು ಯಾವ ಭಾಷಣವೂ ಇಲ್ಲದೆ ಅರ್ಥವಾಗುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಕಾರ್ಯಕ್ರಮದಲ್ಲಿ ಅತ್ಯಂತ ಮುಖ್ಯವಾದ ಹಂತ ಇದೇ. ಇದಕ್ಕೆ ಎರಡು ಮೂರು ಶನಿವಾರಗಳು ಹೋದರೂ ನಷ್ಟವಿಲ್ಲ.

ಪಟ್ಟಿಯನ್ನು ಶಾಲಾ ಸಂಸತ್ತಿನ ಮುಂದಿಟ್ಟು ಮಕ್ಕಳೇ ಚರ್ಚಿಸಿ ಎರಡು ಅಥವಾ ಮೂರು ಕೆಲಸಗಳನ್ನು ಆಯ್ದುಕೊಳ್ಳಲಿ. ಹತ್ತನ್ನು ಒಪ್ಪಿಕೊಂಡು ಎಂಟನ್ನು ಕೈಬಿಡುವುದಕ್ಕಿಂತ ಎರಡನ್ನು ಒಪ್ಪಿಕೊಂಡು ವರ್ಷಪೂರ್ತಿ ನಡೆಸುವುದು ಮೇಲು, ಏಕೆಂದರೆ ಶನಿವಾರ ಮಕ್ಕಳು ಬರುತ್ತಾರೆಂದು ಕಾಯ್ದು ಕುಳಿತ ಹಿರಿಯರಿಗೆ ಮಾತು ತಪ್ಪಿದರೆ ಆಗುವ ನೋವು, ಹೋಗದೇ ಇದ್ದಿದ್ದರೆ ಆಗುತ್ತಿದ್ದ ನೋವಿಗಿಂತ ದೊಡ್ಡದು. ಮಕ್ಕಳ ಕೈಮೀರಿದ ಸಮಸ್ಯೆಗಳು, ಅಂದರೆ ಕೆಟ್ಟುನಿಂತ ಕೊಳವೆಬಾವಿ, ಬೀದಿದೀಪವಿಲ್ಲದ ದಾರಿ, ಶಾಲೆಯ ಪಕ್ಕದ ತೆರೆದ ಚರಂಡಿ, ಇವುಗಳನ್ನು ಬಿಟ್ಟುಬಿಡಬೇಕಾಗಿಲ್ಲ. ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಅವನ್ನು ಬರವಣಿಗೆಯಲ್ಲಿ ಮಂಡಿಸಿ, ಉತ್ತರ ಪಡೆದು, ಅದನ್ನು ಬೆನ್ನುಹತ್ತುವುದೂ ಊರಿನ ಸೇವೆಯೇ.

ಅನುಮತಿ ಮತ್ತು ಎಚ್ಚರಿಕೆ

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ವಿಷಯ ಮಂಡಿಸಿ ನಡಾವಳಿಯಲ್ಲಿ ಬರೆಸಬೇಕು. ಪೋಷಕರಿಂದ ಒಪ್ಪಿಗೆ ಪತ್ರ ಪಡೆಯಬೇಕು. ಯಾವ ಮಗುವೂ ಒಬ್ಬಂಟಿಯಾಗಿ ಯಾರ ಮನೆಯೊಳಗೂ ಹೋಗಬಾರದು. ಕೆರೆ, ಬಾವಿ, ಹೆದ್ದಾರಿ, ವಿದ್ಯುತ್ ಕಂಬಗಳ ಹತ್ತಿರದ ಕೆಲಸ ಬೇಡ. ಮಾತ್ರೆಗಳ ಗುರುತನ್ನು ಆಶಾ ಕಾರ್ಯಕರ್ತೆಯ ಎದುರಿನಲ್ಲೇ ಮಾಡಬೇಕು. ಹಿರಿಯರಿಗೆ ಅರ್ಜಿ ಬರೆದುಕೊಡುವಾಗ ಬ್ಯಾಂಕ್ ಪಾಸ್‌ಬುಕ್, ಎಟಿಎಂ ಪಿನ್, ಮೊಬೈಲ್‌ಗೆ ಬಂದ ಓಟಿಪಿ ಇವುಗಳನ್ನು ಮಕ್ಕಳು ಮುಟ್ಟಬಾರದು, ಕೇಳಬಾರದು. ಕೊಟ್ಟರೂ ‘ಇದನ್ನು ಯಾರಿಗೂ ಹೇಳಬೇಡಿ ಅಜ್ಜ’ ಎಂದು ಹಿಂದಿರುಗಿಸುವುದನ್ನು ಮೊದಲೇ ಕಲಿಸಿರಬೇಕು. ಮಕ್ಕಳ ಸಹಾಯವಾಣಿ 1098 ಎಲ್ಲ ಮಕ್ಕಳಿಗೂ ಬಾಯಿಪಾಠವಾಗಿರಲಿ.

ಪೊರಕೆ ಯಾರ ಕೈಗೆ?

ಇಲ್ಲಿ ಸ್ವಲ್ಪ ನಿಂತು ನೋಡಬೇಕಾದ ವಿಷಯವಿದೆ. ನಮ್ಮ ಎಷ್ಟೋ ಶಾಲೆಗಳಲ್ಲಿ ಅಂಗಳ ಗುಡಿಸುವುದು, ರಂಗೋಲಿ ಹಾಕುವುದು ಹೆಣ್ಣುಮಕ್ಕಳ ಪಾಲಿಗೆ. ಬೆಂಚು ಹೊರುವುದು, ಮೈಕ್ ಜೋಡಿಸುವುದು ಗಂಡುಮಕ್ಕಳ ಪಾಲಿಗೆ ಎಂದು ಯಾರೂ ಹೇಳದೆಯೇ ಹಂಚಿಕೆಯಾಗಿಬಿಟ್ಟಿರುತ್ತದೆ. ತಡವಾಗಿ ಬಂದವರಿಗೆ, ಹೋಂವರ್ಕ್ ಮಾಡದವರಿಗೆ ‘ಹೋಗು, ಅಂಗಳ ಗುಡಿಸು’ ಎನ್ನುವ ಅಭ್ಯಾಸವೂ ಇದೆ. ಸೋಮವಾರ ಶಿಕ್ಷೆಯೆಂದು ಮಾಡಿಸಿದ ಕೆಲಸವನ್ನೇ ಶನಿವಾರ ಸೇವೆಯೆಂದು ಕರೆದರೆ ಮಕ್ಕಳು ನಂಬುವುದಾದರೂ ಹೇಗೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಹಾಗಿದ್ದೂ 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚ ಗುಂಡಿಯ ಸ್ವಚ್ಛತೆಗೆ ಇಳಿಸಿದ್ದು ಬಯಲಾಗಿ ನಾಡೇ ತಲೆತಗ್ಗಿಸಬೇಕಾಯಿತು. ಮಲದ ಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು, ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ ವಯಸ್ಕರ ವಿಷಯದಲ್ಲೂ ಅಪರಾಧವೆಂದಿದೆ. ಮಕ್ಕಳ ವಿಷಯದಲ್ಲಿ ಅದಕ್ಕೆ ಸೇವೆ, ಶಿಸ್ತು, ಶ್ರಮ ಸಂಸ್ಕೃತಿ ಎಂಬ ಯಾವ ಹೆಸರಿನ ಮುಸುಕೂ ಹೊಂದುವುದಿಲ್ಲ.

ಆದ್ದರಿಂದ ನಿಯಮವನ್ನು ಬರೆದು ಗೋಡೆಗೆ ಹಚ್ಚಬೇಕು. ಸೇವೆಯ ಯಾವ ಕೆಲಸವನ್ನೂ ಶಿಕ್ಷೆಯಾಗಿ ಕೊಡುವಂತಿಲ್ಲ. ತಂಡಗಳನ್ನು ಹಾಜರಿ ಪುಸ್ತಕದ ಕ್ರಮಸಂಖ್ಯೆಯಂತೆ ಮಾಡಬೇಕು; ಹಾಗೆ ಮಾಡಿದರೆ ಜಾತಿ, ಕೇರಿ, ಗೆಳೆತನ ಯಾವುದರ ಗುಂಪುಗಾರಿಕೆಗೂ ಎಡೆಯಿರುವುದಿಲ್ಲ. ಗಂಡುಹೆಣ್ಣುಗಳ ಪಟ್ಟಿ ಬೇರೆಬೇರೆ ಇದ್ದರೆ ಎರಡರಿಂದಲೂ ಸಮನಾಗಿ ಆರಿಸಬೇಕು. ಎರಡು ತಿಂಗಳಿಗೊಮ್ಮೆ ಪಾಳಿ ಬದಲಾಗಬೇಕು, ಗುಡಿಸಿದವರು ಬರೆಯಬೇಕು, ಬರೆದವರು ನೀರು ಹೊರಬೇಕು. ಶಿಕ್ಷಕರ ಹೆಸರೂ ಪಾಳಿ ಪಟ್ಟಿಯಲ್ಲಿರಬೇಕು. ಮುಖ್ಯ ಶಿಕ್ಷಕರು ಕುರ್ಚಿಯಲ್ಲಿ ಕುಳಿತು ಉಸ್ತುವಾರಿ ನೋಡಿದರೆ ಮಕ್ಕಳು ಕಲಿಯುವುದು ಕುರ್ಚಿಯಲ್ಲಿ ಕುಳಿತುಕೊಳ್ಳುವುದನ್ನೇ.

ವಿಶೇಷ ಅಗತ್ಯವುಳ್ಳ ಮಕ್ಕಳನ್ನು ಸೇವೆ ಪಡೆಯುವವರ ಸಾಲಿನಲ್ಲಿ ಮಾತ್ರ ನಿಲ್ಲಿಸುವುದೂ ಒಂದು ಅನ್ಯಾಯ. ನಡೆಯಲಾಗದ ಹುಡುಗಿ ಅಂಗನವಾಡಿಯಲ್ಲಿ ಕಥೆ ಹೇಳಬಲ್ಲಳು. ಮಾತು ಬಾರದ ಹುಡುಗ ಪುಸ್ತಕಕ್ಕೆ ಎಲ್ಲರಿಗಿಂತ ಅಚ್ಚುಕಟ್ಟಾಗಿ ರಟ್ಟು ಹಾಕಬಲ್ಲ.

ಬಿಸಿಯೂಟದ ಸಾಲಿನಲ್ಲಿ

ಹೊರಗಿನ ಸೇವೆ ವಾರಕ್ಕೊಂದು ಗಂಟೆಯಾದರೆ ಒಳಗಿನ ಸೌಜನ್ಯಕ್ಕೆ ದಿನವೆಲ್ಲ ಅವಕಾಶವಿದೆ, ಅದರಲ್ಲೂ ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ತಟ್ಟೆ ಹಿಡಿದ ಸಾಲಿನಲ್ಲಿ ದೊಡ್ಡ ತರಗತಿಯವರು ಮುಂದೆ ನುಗ್ಗುತ್ತಾರೆಯೇ, ಅನ್ನ ಸಾರು ತಳಕ್ಕೆ ಬಂದಾಗ ಕೊನೆಯ ಮಕ್ಕಳಿಗೆ ಏನು ಉಳಿಯುತ್ತದೆ, ಗೋಡೆಯ ಮೂಲೆಯಲ್ಲಿ ಬೆನ್ನು ತಿರುಗಿಸಿ ಒಬ್ಬನೇ ಕುಳಿತು ಬೇಗಬೇಗ ಉಂಡು ಏಳುವ ಹುಡುಗ ಯಾರು, ಇದನ್ನು ಶಿಕ್ಷಕರು ಒಂದು ವಾರ ಸುಮ್ಮನೆ ಗಮನಿಸಿದರೂ ಶಾಲೆಯ ನಿಜವಾದ ಸ್ಥಿತಿ ತಿಳಿಯುತ್ತದೆ. ಬಡಿಸುವ ಪಾಳಿಯವರು ಎಲ್ಲರದೂ ಮುಗಿದ ಮೇಲೆ ಕೊನೆಯಲ್ಲಿ ಉಣ್ಣುವ ಕ್ರಮವಿಟ್ಟರೆ, ಮೊದಲ ತಟ್ಟೆಗೆ ಎಷ್ಟು ಬಡಿಸಬೇಕೆಂಬ ಲೆಕ್ಕ ಅವರಿಗೆ ತಾನಾಗಿ ಬರುತ್ತದೆ.

ವರ್ಷದ ನಡುವೆ ಬಂದು ಸೇರುವ ಮಕ್ಕಳಿರುತ್ತಾರೆ: ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ, ಕಾಫಿ ತೋಟಕ್ಕೆ ಬಂದ ಕುಟುಂಬಗಳವರು, ಕೆಲವೊಮ್ಮೆ ಕನ್ನಡವೇ ಬಾರದವರು. ಅಂಥ ಪ್ರತಿ ಮಗುವಿಗೂ ಮೊದಲ ಒಂದು ತಿಂಗಳು ಇಬ್ಬರು ಜೊತೆಗಾರರನ್ನು ಗೊತ್ತುಮಾಡಬೇಕು. ನಲ್ಲಿ, ಶೌಚಾಲಯ ತೋರಿಸುವುದು, ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳುವುದು, ಹಳೆಯ ನೋಟ್ಸ್ ಕೊಡುವುದು, ಆಟದಲ್ಲಿ ಸೇರಿಸಿಕೊಳ್ಳುವುದು ಅವರ ಹೊಣೆ. ‘ಇವನು ಪಾಪ, ನೋಡಿಕೊಳ್ಳಿ’ ಎಂದು ತರಗತಿಯ ಎದುರು ಹೇಳಬಾರದು. ಆ ಒಂದು ಮಾತು ಮಗುವನ್ನು ವರ್ಷವಿಡೀ ಕುಗ್ಗಿಸುತ್ತದೆ.

ಅಡ್ಡಹೆಸರಿಟ್ಟು ಹಂಗಿಸಿದ, ಇನ್ನೊಬ್ಬರ ವಸ್ತು ಮುರಿದ ಪ್ರಕರಣಗಳು ಬಂದೇ ಬರುತ್ತವೆ. ಪ್ರಾರ್ಥನಾ ಸಭೆಯಲ್ಲಿ ನಿಲ್ಲಿಸಿ ಕ್ಷಮೆ ಕೇಳಿಸುವುದರಿಂದ ಹುಟ್ಟುವುದು ಪಶ್ಚಾತ್ತಾಪವಲ್ಲ, ಅವಮಾನ. ಇಬ್ಬರನ್ನೂ ಬೇರೆಬೇರೆಯಾಗಿ ಕರೆದು ಕೇಳಿ, ಆದ ಹಾನಿಯನ್ನು ಸರಿಪಡಿಸಲು ಏನು ಮಾಡಬಲ್ಲೆ ಎಂಬುದನ್ನು ತಪ್ಪು ಮಾಡಿದವನಿಂದಲೇ ಹೇಳಿಸಬೇಕು. ಮುರಿದ ಜಾಮಿಟ್ರಿ ಬಾಕ್ಸ್‌ಗೆ ತನ್ನದನ್ನು ಕೊಡುವುದೋ, ಹಂಗಿಸಿದ ಗುಂಪಿನೆದುರೇ ಇನ್ನು ಮುಂದೆ ನಿಜ ಹೆಸರಿನಿಂದ ಕರೆಯುವುದೋ ಅವನೇ ಆರಿಸಿಕೊಳ್ಳಲಿ.

ಬಹುಮಾನ ಬೇಡ, ಮಾತು ಬೇಕು

‘ಅತ್ಯುತ್ತಮ ಸೇವಾ ವಿದ್ಯಾರ್ಥಿ’ ಎಂಬ ಫಲಕ, ಒಳ್ಳೆಯ ಕೆಲಸಕ್ಕೆ ಅಂಕ, ಚಾಕೊಲೇಟು ಇವನ್ನೆಲ್ಲ ಕೊಡುವ ಆಸೆ ಸಹಜ. ಆದರೆ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನಮ್ಮ ಕಣ್ಣು ತೆರೆಸುತ್ತದೆ. ಇಪ್ಪತ್ತು ತಿಂಗಳ ಕೂಸುಗಳು, ದೊಡ್ಡವರ ಕೈಗೆಟುಕದ ವಸ್ತುವನ್ನು ಎತ್ತಿಕೊಡುವಂಥ ಸಹಾಯವನ್ನು ತಾವಾಗಿಯೇ ಮಾಡುತ್ತವೆ. ಹೀಗೆ ಸಹಾಯ ಮಾಡಿದ್ದಕ್ಕೆ ವಸ್ತುರೂಪದ ಬಹುಮಾನ ಪಡೆದ ಕೂಸುಗಳು ಮುಂದಿನ ಸುತ್ತಿನಲ್ಲಿ, ಏನೂ ಪಡೆಯದ ಅಥವಾ ಬರಿಯ ಮೆಚ್ಚುಗೆ ಪಡೆದ ಕೂಸುಗಳಿಗಿಂತ ಕಡಿಮೆ ಸಹಾಯ ಮಾಡಿದವು. ದೊಡ್ಡ ಮಕ್ಕಳಿಗೆ ಇದನ್ನು ಯಥಾವತ್ತಾಗಿ ಅನ್ವಯಿಸಲಾಗದಿದ್ದರೂ, ಫಲಕದ ಆಸೆಗೆ ಅಜ್ಜಿಯ ಮನೆಗೆ ಹೋದ ಮಗು ಫಲಕ ಸಿಕ್ಕ ಮೇಲೆ ಹೋಗುವುದಿಲ್ಲ ಎಂಬುದನ್ನು ನಿರೀಕ್ಷಿಸಬಹುದು. ಮೆಚ್ಚುಗೆಯ ಮಾತು ನಿರ್ದಿಷ್ಟವಾಗಿರಲಿ. ‘ಭೇಷ್, ತುಂಬಾ ಒಳ್ಳೆಯವನು ನೀನು’ ಎನ್ನುವ ಬದಲು ‘ನೀನು ಅರ್ಜಿ ಬರೆದ ಮೇಲೆ ಅವರಿಗೆ ಒಂದು ಸಲ ಓದಿ ಹೇಳಿದೆಯಲ್ಲ, ಅದು ಬಹಳ ಒಳ್ಳೆಯದಾಯಿತು’ ಎಂದರೆ ಮಗುವಿಗೆ ಮುಂದಿನ ಸಲ ಏನು ಮಾಡಬೇಕೆಂಬುದೂ ತಿಳಿಯುತ್ತದೆ.

ಪ್ರತಿ ಶನಿವಾರ ಹಿಂದಿರುಗಿದ ಮೇಲೆ ಹದಿನೈದು ನಿಮಿಷ ವೃತ್ತಾಕಾರವಾಗಿ ಕುಳಿತು ಮಾತಾಡಬೇಕು. ಇದನ್ನು ಬಿಟ್ಟರೆ ಸೇವೆ ಕೇವಲ ಕೂಲಿಯಾಗುತ್ತದೆ. ಇಂದು ಯಾರ ಜೊತೆ ಮಾತಾಡಿದಿರಿ, ಅವರ ಬಗ್ಗೆ ಮೊದಲು ಏನೆಂದುಕೊಂಡಿದ್ದಿರಿ, ನಾವು ಮಾಡಿದ್ದು ಅವರಿಗೆ ನಿಜಕ್ಕೂ ಬೇಕಿತ್ತೇ, ಈ ತೊಂದರೆ ಹುಟ್ಟಿದ್ದೇ ಏಕೆ, ಇಂಥ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಬೇಕು. ಕೊನೆಯ ಪ್ರಶ್ನೆ ಮುಖ್ಯ: ಪಿಂಚಣಿ ಏಕೆ ನಿಂತಿತು ಎಂದು ವಿಚಾರಿಸುವ ಹುಡುಗಿ ಕರುಣೆಯಿಂದ ನ್ಯಾಯದ ಕಡೆಗೆ ಒಂದು ಹೆಜ್ಜೆ ಇಟ್ಟಿರುತ್ತಾಳೆ. ‘ನನಗೆ ಬೇಜಾರಾಯಿತು ಟೀಚರ್, ಅವರು ಮಾತೇ ಆಡಲಿಲ್ಲ’ ಎಂದು ಮಗು ಹೇಳಿದರೆ ಗದರಬಾರದು; ಆ ಬೇಜಾರಿನ ಮಾತನ್ನೇ ಎತ್ತಿಕೊಂಡು ಚರ್ಚಿಸಬೇಕು. ಮೂರು ಸಾಲಿನ ಟಿಪ್ಪಣಿಯನ್ನು ಪ್ರತಿ ತಂಡವೂ ಒಂದೇ ರಿಜಿಸ್ಟರಿನಲ್ಲಿ ಬರೆದರೆ ಸಾಕು.

ಫೋಟೊಗಳ ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು. ಬಾಳೆಹಣ್ಣು ಹಿಡಿದ ಮುದುಕರನ್ನು ನಡುವೆ ನಿಲ್ಲಿಸಿ ತೆಗೆದ ಚಿತ್ರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡಿದರೆ ಆ ಹಿರಿಯರ ಮಾನಕ್ಕೆ ಕುಂದು. ಇಲಾಖೆಗೆ ವರದಿ ಕಳುಹಿಸಲೇಬೇಕಾದರೆ ರಟ್ಟು ಹಾಕಿದ ಪುಸ್ತಕಗಳ, ಬರೆದ ಅರ್ಜಿಗಳ ಸಂಖ್ಯೆ ಕೊಡಬಹುದು. ನೆರವು ಪಡೆದವರ ಮುಖ ಬೇಡ.

ಪೋಷಕರ ಸಭೆಯಲ್ಲಿ ಅಂಕಪಟ್ಟಿಯ ಜೊತೆಗೆ ಈ ರಿಜಿಸ್ಟರನ್ನೂ ತೆರೆದಿಟ್ಟು ಓದಲು ಕೊಡಬೇಕು. ‘ಹತ್ತನೇ ಕ್ಲಾಸು, ಓದುವುದು ಬಿಟ್ಟು ಇದೆಲ್ಲ ಯಾಕೆ ಸಾರ್?’ ಎಂದು ಕೇಳುವ ತಂದೆತಾಯಿ ಇದ್ದೇ ಇರುತ್ತಾರೆ, ಅವರ ಆತಂಕ ಸುಳ್ಳಲ್ಲ. ಡಿಸೆಂಬರ್ ನಂತರ ಹತ್ತನೇ ತರಗತಿಯವರ ಪಾಳಿಯನ್ನು ತಿಂಗಳಿಗೊಮ್ಮೆ ಎಂದು ಇಳಿಸಿ, ಒಂಬತ್ತನೆಯವರಿಗೆ ಹೊಣೆ ವಹಿಸಬೇಕು. ಹಾಗೆ ವಹಿಸುವಾಗ ಹಳಬರು ಹೊಸಬರನ್ನು ಒಂದೆರಡು ಶನಿವಾರ ಜೊತೆಯಲ್ಲೇ ಕರೆದೊಯ್ದು, ಪ್ರತಿ ಮನೆಯಲ್ಲೂ ಹೆಸರು ಹೇಳಿ ಪರಿಚಯಿಸಿ, ಯಾರಿಗೆ ಕಿವಿ ಮಂದ, ಯಾರಿಗೆ ಯಾವ ಹೊತ್ತು ಅನುಕೂಲ ಎಂಬುದನ್ನು ತಿಳಿಸಬೇಕು. ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ಯಾರೂ ಬರಲಾಗದಿದ್ದರೆ ಅದನ್ನು ಮಾರ್ಚ್‌ನಲ್ಲೇ ಹಿರಿಯರಿಗೆ ಹೇಳಿ, ಜೂನ್‌ನಲ್ಲಿ ಯಾವ ಶನಿವಾರ ಮತ್ತೆ ಬರುತ್ತೇವೆಂಬ ತಾರೀಖನ್ನು ಅವರ ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಬರಬೇಕು.