ಆಟೋಪೇಗೆ ಪ್ರೀಪೇಯ್ಡ್ ಕಾರ್ಡ್ ಕೊಡಿ

ಬ್ರಾಡ್‌ಬ್ಯಾಂಡ್, ಓಟಿಟಿ, ಕರೆಂಟ್ ಬಿಲ್‌ಗಳ ಆಟೋಪೇಗೆ ಸಂಬಳದ ಖಾತೆಯ ಡೆಬಿಟ್ ಕಾರ್ಡ್ ಬೇಡ. ರೀಲೋಡ್ ಆಗುವ ಪ್ರೀಪೇಯ್ಡ್ ಕಾರ್ಡ್ ಕೊಟ್ಟು, ತಿಂಗಳಿಗೆ ಬೇಕಾದಷ್ಟೇ ತುಂಬಿಸಿ. ಮರೆತುಹೋದ ಯಾವುದೋ ಚಂದಾ ಕೈ ಹಾಕಿದರೂ ಕಾರ್ಡಿನಲ್ಲಿ ಇರುವುದಕ್ಕಿಂತ ಹೆಚ್ಚು ಹೋಗಲ್ಲ. ಆರ್‌ಬಿಐ ನಿಯಮದ ಪ್ರಕಾರ ಆಟೋಪೇ ಕಡಿತಕ್ಕೆ 24 ಗಂಟೆ ಮೊದಲು ಮೆಸೇಜ್ ಬರಬೇಕು (ನಾವ್ಯಾರೂ ಓದಲ್ಲ, ಅದು ಬೇರೆ ಮಾತು). ಅದರಲ್ಲಿರುವ ಮೊತ್ತ ನೋಡಿ ಆಗಲೇ ತುಂಬಿಸಿದರೆ ಆಯ್ತು. ಕೈಕೊಡುವುದು ಎಲ್ಲಿ ಅಂದ್ರೆ, ಬಿಲ್ ₹1,240 ಇದ್ದು ಕಾರ್ಡಲ್ಲಿ ₹1,200 ಇದ್ದರೆ ಇರುವಷ್ಟನ್ನು ಮುರಿದುಕೊಳ್ಳಲ್ಲ, ಪೇಮೆಂಟ್ ಪೂರ್ತಿ ಫೇಲ್. ಹಾಗಾಗಿ ಬೇಸಿಗೆಯ ಕರೆಂಟ್ ಬಿಲ್‌ಗೆ ಸ್ವಲ್ಪ ಜಾಸ್ತಿಯೇ ಇರಲಿ. ಗಿಫ್ಟ್ ಕಾರ್ಡ್ ಇದಕ್ಕೆ ಆಗಲ್ಲ, ಖಾಲಿಯಾದರೆ ಮತ್ತೆ ತುಂಬಿಸೋಕೆ ಬರಲ್ಲ. ಕೆಲವು ಕಡೆ ಪ್ರೀಪೇಯ್ಡ್ ಕಾರ್ಡ್ ತಗೊಳ್ಳೋದೇ ಇಲ್ಲ.