ಗ್ರೈಂಡರ್ ಬಿಡದೆಯೇ ತೂಕ ಇಳಿಸಿದೆ: ಕ್ಯಾರವಾನ್ ಎಳೆಯುವವರಿಗೆ ನನ್ನ ಅನುಭವ

ಮೆಲ್ಬರ್ನ್‌ನಲ್ಲಿ ಕ್ಯಾರವಾನ್, ಅಂದರೆ ಕಾರಿನ ಹಿಂದೆ ಎಳೆದೊಯ್ಯುವ ಮನೆಯಂಥ ವ್ಯಾನ್, ಇಟ್ಟುಕೊಂಡಿರುವ ಕನ್ನಡದ ಗೆಳೆಯರೆಲ್ಲ ನನಗೆ ಹೇಳುತ್ತಿದ್ದುದು ಒಂದೇ ಮಾತು: ಜಿವಿಎಂ (ಜನ, ಸಾಮಾನು ಸೇರಿ ಕಾರು ತೂಗಬಹುದಾದ ಗರಿಷ್ಠ ಮಿತಿ) ಅಪ್‌ಗ್ರೇಡ್ ಮಾಡಿಸದ ಟೊಯೋಟಾ ಪ್ರಾಡೊ ಕಾರಿನಲ್ಲಿ ನಾಲ್ವರನ್ನು ಕೂರಿಸಿಕೊಂಡು ಎರಡೂವರೆ ಟನ್ನಿನ ವ್ಯಾನ್ ಎಳೆಯುವುದು ಆಗದ ಕೆಲಸ. ಸ್ಪ್ರಿಂಗ್, ಎಂಜಿನಿಯರ್ ಪ್ರಮಾಣಪತ್ರ ಎಲ್ಲ ಸೇರಿ ನಾಲ್ಕು ಸಾವಿರ ಡಾಲರ್ ಹತ್ತಿರ ಕೇಳಿದರು. ನಾನು ಕೊಡಲಿಲ್ಲ. ಕಳೆದ ಕ್ರಿಸ್‌ಮಸ್ ರಜೆಯಲ್ಲಿ ಗಿಪ್ಸ್‌ಲ್ಯಾಂಡ್ ಕಡೆ ಪ್ರಿನ್ಸಸ್ ಹೈವೇಯಲ್ಲಿ ಪೊಲೀಸರು ಪಕ್ಕಕ್ಕೆ ಕರೆದು, ಚಕ್ರಗಳ ಕೆಳಗೆ ತೂಕದ ಹಲಗೆ ಇಟ್ಟು ನೋಡಿದರು. ಎಲ್ಲವೂ ಮಿತಿಯೊಳಗಿತ್ತು. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಹೆಚ್ಚಿನವರು ವ್ಯಾನಿನ ಎಟಿಎಂ, ಅಂದರೆ ತುಂಬಿದ ವ್ಯಾನ್ ತೂಗಬಹುದಾದ ಗರಿಷ್ಠ ಮಿತಿ, ಒಂದನ್ನೇ ನೋಡುತ್ತಾರೆ. ಆದರೆ ಮೊದಲು ಮಿತಿ ಮೀರುವುದು ಕಾರಿನ ಹಿಂದಿನ ಆಕ್ಸಲ್. ಟೋ ಬಾಲ್ (ವ್ಯಾನ್ ಸಿಕ್ಕಿಸಲು ಕಾರಿನ ಹಿಂದಿರುವ ಗುಂಡು) ಮೇಲೆ 250 ಕೆ.ಜಿ. ಇಟ್ಟರೆ ಸನ್ನೆಯ ಲೆಕ್ಕದಲ್ಲಿ ಹಿಂದಿನ ಚಕ್ರಗಳಿಗೆ ಸುಮಾರು 350 ಏರುತ್ತದೆ, ಮುಂದಿನವುಗಳಿಂದ 100 ಇಳಿಯುತ್ತದೆ. ವಾಹನ ತೂಗುವ ವೇಬ್ರಿಡ್ಜ್‌ನಲ್ಲಿ ಸಿಕ್ಕ ನನ್ನ ಮೊದಲ ಚೀಟಿಯಲ್ಲಿ ಕಾರು 3080 ಕೆ.ಜಿ. ಆಸುಪಾಸು ಇತ್ತು, ಮಿತಿ 2990. ಹಿಂದಿನ ಆಕ್ಸಲ್ 1900 ದಾಟಿತ್ತು. ಅಲ್ಲಿಯ ಮಿತಿ 1800. ವ್ಯಾನ್ 2640 ತೂಗಿತು, ಎಟಿಎಂ 2600. ವ್ಯಾನಿನ ಫಲಕದಲ್ಲಿ ಟೇರ್ (ಖಾಲಿ ತೂಕ) 2150 ಎಂದು ಬರೆದಿದೆ, ಆದರೆ ಖಾಲಿ ಮಾಡಿ ತೂಗಿದಾಗ 2230 ಬಂತು. ಮಾರುವವರು ಆಮೇಲೆ ಜೋಡಿಸಿದ ಆನಿಂಗ್ (ಬಿಸಿಲಿನ ಮರೆ), ಸೋಲಾರ್ ಫಲಕ ಅದರಲ್ಲಿ ಸೇರಿರಲಿಲ್ಲ. ಫಲಕ ನಂಬಿ ಲೆಕ್ಕ ಹಾಕುವವರಿಗೆ ಅಲ್ಲಿಯೇ 80 ಕೆ.ಜಿ. ಹೋಯಿತು.

ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ (ಭಾರ ಹಂಚುವ ಕಂಬಿಗಳ ಕೊಂಡಿ) ಹಾಕಿದರೆ ಸಾಕು ಎಂದರು. ಏಳುನೂರು ಡಾಲರ್ ಕೊಟ್ಟು ಹಾಕಿಸಿದೆ. ಮುಂದಿನ ಚಕ್ರಗಳಿಗೆ ಅರವತ್ತು ಕೆ.ಜಿ.ಯಷ್ಟು ಮರಳಿತು, ಸ್ಟಿಯರಿಂಗ್ ಬಿಗಿಯಾಯಿತು, ಆದರೆ ವ್ಯಾನಿನ ಒಟ್ಟು ತೂಕ ಒಂದು ಗ್ರಾಂ ಕೂಡ ಇಳಿಯಲಿಲ್ಲ. ಆಮೇಲೆ ಬಾಲ್ ಭಾರ ತಗ್ಗಿಸಲು ಭಾರದ ಸಾಮಾನೆಲ್ಲ ವ್ಯಾನಿನ ಹಿಂಬದಿಗೆ ಸಾಗಿಸಿ ನೋಡಿದೆ. ಚೀಟಿಯಲ್ಲಿ ಅಂಕಿ ಚೆನ್ನಾಗಿಯೇ ಬಂತು. ಹ್ಯೂಮ್ ಹೈವೇಯಲ್ಲಿ ಲಾರಿಯೊಂದು ಪಕ್ಕದಲ್ಲಿ ಹಾದದ್ದೇ ತಡ, ವ್ಯಾನ್ ಬಾಲ ಬೀಸತೊಡಗಿತು. ವ್ಯಾನಿನ ಬ್ರೇಕ್ ಹಿಡಿಯುವ ಕಂಟ್ರೋಲರನ್ನು ಕೈಯಿಂದ ಒತ್ತಿ ಸುಧಾರಿಸಿದೆ. ಆ ದಾರಿ ಯಾರೂ ಹಿಡಿಯಬೇಡಿ.

ಕೊನೆಗೆ ಫಲ ಕೊಟ್ಟದ್ದು ಬಿಡಿಬಿಡಿಯಾಗಿ ತೂಗುವ ಕ್ರಮ. ಒಂದೇ ಭೇಟಿಯಲ್ಲಿ ನಾಲ್ಕು ಅಳತೆ: ಕಾರಿನ ಮುಂದಿನ ಆಕ್ಸಲ್ ಮಾತ್ರ, ವ್ಯಾನ್ ಕಟ್ಟಿದ ಹಾಗೆಯೇ ಇಡೀ ಕಾರು, ಕಟ್ಟಿದ ಹಾಗೆಯೇ ವ್ಯಾನಿನ ಚಕ್ರಗಳು, ಬಿಚ್ಚಿ ನಿಲ್ಲಿಸಿದ ವ್ಯಾನ್. ಕೊನೆಯ ಎರಡರ ವ್ಯತ್ಯಾಸವೇ ಬಾಲ್ ಭಾರ. ಹಿಚ್‌ನ ಕಂಬಿಗಳನ್ನು ಮಾತ್ರ ಸಡಿಲಿಸಿರಬೇಕು. ಪ್ರತಿ ಸಲ ಮೂವತ್ತು ಡಾಲರ್ ಆಸುಪಾಸು. ಮನೆಯಲ್ಲಿ ಒಂದೊಂದು ಸಾಮಾನನ್ನೂ ಲಗೇಜ್ ತಕ್ಕಡಿಯಲ್ಲಿ ತೂಗಿ ಪುಸ್ತಕದಲ್ಲಿ ಬರೆದೆ.

ನಡುವೆ ಇನ್ನೊಂದು ಪ್ರಯೋಗವೂ ಆಯಿತು. ಒಂದು ಹಲಗೆಯ ಒಂದು ತುದಿಯನ್ನು ಕೊಳವೆಯ ಮೇಲೆ, ಇನ್ನೊಂದನ್ನು ಸ್ನಾನದ ಮನೆಯ ತಕ್ಕಡಿಯ ಮೇಲೆ ಇಟ್ಟು, ಕೊಳವೆಯಿಂದ ಮೂರನೇ ಒಂದು ಭಾಗದ ದೂರದಲ್ಲಿ ವ್ಯಾನಿನ ಕಪ್ಲಿಂಗ್ (ಬಾಲ್ ಮೇಲೆ ಕೂರುವ ಕೊಂಡಿ) ಊರಿಸಿದೆ. ತಕ್ಕಡಿಯಲ್ಲಿ ಹಲಗೆಯ ಪಾಲು ಕಳೆದು ಮೂರರಿಂದ ಗುಣಿಸಿದರೆ ಬಾಲ್ ಭಾರ. ವ್ಯಾನ್ ಮಟ್ಟಸವಾಗಿ ನಿಂತಿದ್ದರೆ ವೇಬ್ರಿಡ್ಜ್‌ಗೂ ಇದಕ್ಕೂ ಹತ್ತು ಕೆ.ಜಿ. ಒಳಗಿನ ವ್ಯತ್ಯಾಸ. ಅಲ್ಲಿಂದ ಮುಂದೆ ಎಷ್ಟೋ ಮೂವತ್ತು ಡಾಲರ್‌ಗಳು ಉಳಿದವು.

ಇಳಿಸಿದ್ದು ಏನೇನು? ಪ್ರಾಡೊದ ಹಿಂಬದಿಯ ಉಪಟ್ಯಾಂಕಿನಲ್ಲಿ 63 ಲೀಟರ್ ಡೀಸೆಲ್ ಹಿಡಿಯುತ್ತದೆ. ಬಂಕುಗಳು ಸಿಗುವ ದಾರಿಯಲ್ಲಿ ಅದನ್ನು ಖಾಲಿ ಬಿಟ್ಟೆ, ಐವತ್ತು ಕೆ.ಜಿ. ಹೋಯಿತು. ಹಿಂದಿನ ಡ್ರಾಯರ್‌ಗಳನ್ನು ಬಿಚ್ಚಿದೆ, ಇನ್ನೊಂದು ಐವತ್ತು. ಎರಡು ನೀರಿನ ಟ್ಯಾಂಕಿನಲ್ಲಿ ಒಂದು ಖಾಲಿ, 95. ಸೀಸದ ಎರಡು ಎಜಿಎಂ ಬ್ಯಾಟರಿ ತೆಗೆದು ಲಿಥಿಯಂ ಹಾಕಿದಾಗ ಮೂವತ್ತೈದು ಕೆ.ಜಿ. ಇಳಿಯಿತು, ಜೇಬಿನಿಂದ ಸಾವಿರ ಡಾಲರ್ ಮೇಲೆ ಇಳಿಯಿತು. ತೂಕಕ್ಕಾಗಿಯೇ ಆದರೆ ದುಬಾರಿ. ಸೋನಾ ಮಸೂರಿ ಚೀಲವನ್ನು ಮನೆಯಲ್ಲಿ ಬಿಟ್ಟು ಐದು ಕೆ.ಜಿ. ಮಾತ್ರ ಕಟ್ಟಿಕೊಂಡೆವು. ಹನ್ನೊಂದು ಕೆ.ಜಿ.ಯ ಗ್ರೈಂಡರ್ ಬಿಡಲು ಮನೆಯವಳು ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಅದು ಕಾರಿನ ಡಿಕ್ಕಿಯಿಂದ ವ್ಯಾನಿನ ಆಕ್ಸಲ್ ನೇರಕ್ಕೆ, ನೆಲದ ಮೇಲೆ ಹೋಯಿತು.

ಈಗ ಕಾರು 2940, ಹಿಂದಿನ ಆಕ್ಸಲ್ 1780, ವ್ಯಾನ್ 2540, ಬಾಲ್ ಮೇಲೆ 225. ಬಾಲ್ ಭಾರ ವ್ಯಾನಿನ ತೂಕದ ಶೇಕಡಾ ಹತ್ತು ಇರಲೇಬೇಕು ಎಂದು ವಾದಿಸುವವರಿಗೆ ಹೇಳುತ್ತೇನೆ: ಒಂಬತ್ತಕ್ಕೆ ನನ್ನ ವ್ಯಾನ್ ನೂರರ ವೇಗದಲ್ಲೂ ಅಲುಗುವುದಿಲ್ಲ. ಎರಡು ಟ್ಯಾಂಕುಗಳಲ್ಲಿ ಯಾವುದನ್ನು ತುಂಬಿಸುತ್ತೇನೆ, ಗೋಧಿ ಹಿಟ್ಟು, ಕುಕ್ಕರ್ ಯಾವ ಕಪಾಟಿನಲ್ಲಿ ಎನ್ನುವ ನಕ್ಷೆ ಮಾತ್ರ ನನ್ನಲ್ಲೇ ಇರಲಿ. ನಿಮ್ಮ ವ್ಯಾನಿನ ಆಕ್ಸಲ್ ಬೇರೆ ಕಡೆ ಇರುತ್ತದೆ, ನೀವೇ ತೂಗಿ ಕಂಡುಕೊಳ್ಳಬೇಕು.

ತಪಾಸಣೆಯಲ್ಲಿ ಅಧಿಕಾರಿ ನನ್ನ ಹಳೆಯ ವೇಬ್ರಿಡ್ಜ್ ಚೀಟಿಗಳನ್ನು ನೋಡಿದರೂ ಅದನ್ನು ಲೆಕ್ಕಕ್ಕೆ ಹಿಡಿಯದೆ ತಾನೇ ಅಳೆದ. ಪಕ್ಕದಲ್ಲಿ ನಿಂತಿದ್ದ ಒಂದು ದೊಡ್ಡ ವ್ಯಾನಿನವರು ಜೆರ್ರಿಕ್ಯಾನ್‌ಗಳನ್ನು ಇಳಿಸಿ ನೀರು ಚೆಲ್ಲುತ್ತಿದ್ದರು. ಮುಂದಿನ ಚಳಿಗಾಲದಲ್ಲಿ ಕಾರಿನ ಮುಂದಿರುವ ಉಕ್ಕಿನ ಬುಲ್ ಬಾರ್ (ರಕ್ಷಣೆಯ ಕಂಬಿ) ತೆಗೆದು ಅಲ್ಯೂಮಿನಿಯಂದು ಹಾಕಿಸುತ್ತೇನೆ, ಇಪ್ಪತ್ತೈದು ಕೆ.ಜಿ. ಉಳಿದೀತು. ಆಗ ಅಕ್ಕಿ ಚೀಲಕ್ಕೂ ಜಾಗವಿದೆ.