ಕೂಡೋದು, ಕಳೆಯೋದು: ಹುಣಸೆ ಬೀಜದಿಂದ ಶುರು ಮಾಡಿ

ಒಂದನೇ ಕ್ಲಾಸಿನ ಮಗು ನೂರರ ತನಕ ಗಡಗಡ ಹೇಳುತ್ತದೆ. ‘ಏಳು ಶೇಂಗಾ ಕೊಡು ಪುಟ್ಟಾ’ ಅಂದರೆ ಒಂದು ಹಿಡಿ ತಂದು ಸುರಿಯುತ್ತದೆ. ಬಾಯಿಪಾಠ ಬೇರೆ, ಎಣಿಕೆ ಬೇರೆ ಅಲ್ವಾ? ಹಾಗಾಗಿ ಮೊದಲು ಒಂದೊಂದೇ ಕಾಳು ಮುಟ್ಟಿ ಎಣಿಸುವುದು ಗಟ್ಟಿಯಾಗಲಿ. ಹರಡಿಟ್ಟರೂ ಗುಡ್ಡೆ ಹಾಕಿದರೂ ಏಳು ಏಳೇ ಅಂತ ತಿಳಿದ ಮೇಲೆ ಕೂಡುವ ಲೆಕ್ಕ.

ದಾವಣಗೆರೆ ಕಡೆ ಸಾಮಾನಿಗೇನೂ ಬರವಿಲ್ಲ. ಹುಣಸೆ ಬೀಜ, ಮೆಕ್ಕೆಜೋಳದ ಕಾಳು, ಯಾವುದಾದರೂ ಆದೀತು. ಮಂಡಕ್ಕಿ ಮಾತ್ರ ಬೇಡ. ಅರ್ಧ ಫ್ಯಾನ್ ಗಾಳಿಗೆ ಹೋಗುತ್ತದೆ, ಇನ್ನರ್ಧ ಲೆಕ್ಕ ಮುಗಿಯುವ ಮೊದಲೇ ಬಾಯಿಗೆ. ಮನೆಯಲ್ಲಿ ಇನ್ನೂ ಸಣ್ಣ ಕೂಸಿದ್ದರೆ ಆಟ ಮುಗಿದ ಕೂಡಲೇ ಬೀಜ ಎತ್ತಿಡಿ; ಮೂಗಿಗೆ, ಗಂಟಲಿಗೆ ಹಾಕಿಕೊಂಡಾವು.

ಐದು ಬೀಜ ಇಡಿ, ಪಕ್ಕದಲ್ಲಿ ಮೂರು. ಮಗು ಒಂದರಿಂದ ಎಂಟರ ತನಕ ಎಲ್ಲವನ್ನೂ ಎಣಿಸುತ್ತದೆ. ಎಣಿಸಲಿ ಬಿಡಿ. ಕೆಲವು ದಿನ ಕಳೆದ ಮೇಲೆ ಐದರ ಮೇಲೆ ಬಟ್ಟಲು ಬೋರಲು ಹಾಕಿ. ‘ಒಳಗೆ ಐದಿದೆ, ಹೊರಗೆ ಮೂರು. ಒಟ್ಟು ಎಷ್ಟು?’ ಬೀಜ ಕಾಣಿಸದು, ಹಾಗಾಗಿ ಐದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಕು. ಮೇಷ್ಟ್ರು ಹೇಳುತ್ತಿದ್ದ ‘ಮನಸ್ಸಲ್ಲಿ ಐದು, ಕೈಯಲ್ಲಿ ಮೂರು’ ಇದೇ. ಇಲ್ಲೊಂದು ಕಡೆ ಮಕ್ಕಳು ಎಡವುತ್ತಾರೆ. ಹೊರಗಿನ ಮೊದಲ ಬೀಜಕ್ಕೇ ‘ಐದು’ ಅಂದುಬಿಟ್ಟು ಏಳಕ್ಕೆ ನಿಲ್ಲಿಸುತ್ತಾರೆ. ಬಯ್ಯಬೇಡಿ. ಬಟ್ಟಲ ತಲೆ ತಟ್ಟಿ ‘ಐದು’ ಅನ್ನಿಸಿ, ಆಮೇಲೆ ಬೀಜ ಮುಟ್ಟಿ ‘ಆರು’ ಅನ್ನಿಸಿ. ಬೆರಳು ಮಡಚಿ ಎಣಿಸಿದರೂ ತಪ್ಪಿಲ್ಲ, ಅಭ್ಯಾಸವಾದಂತೆ ತಾನೇ ಬಿಟ್ಟುಹೋಗುತ್ತದೆ.

ಮುಂದಿನದು ಹತ್ತರ ಆಟ. ನನ್ನ ಪ್ರಕಾರ ಬೇರೆಲ್ಲದಕ್ಕಿಂತ ಇದಕ್ಕೇ ಜಾಸ್ತಿ ಹೊತ್ತು ಕೊಡಬೇಕು. ಹತ್ತು ಬೀಜ ಎಣಿಸಿ, ಕೆಲವನ್ನು ಮುಷ್ಟಿಯಲ್ಲಿ ಮುಚ್ಚಿ. ಹೊರಗೆ ಏಳು ಕಂಡರೆ ಒಳಗೆಷ್ಟು? ಕೂಡುವುದೂ ಕಳೆಯುವುದೂ ಒಟ್ಟಿಗೇ ಆಗುತ್ತದೆ. 9-1, 8-2, 7-3 ಜೋಡಿಗಳು ನಾಲಿಗೆ ತುದಿಯಲ್ಲಿದ್ದರೆ 8+5 ಸಲೀಸು: ಐದರಲ್ಲಿ ಎರಡನ್ನು ಎಂಟಕ್ಕೆ ಕೊಟ್ಟರೆ ಹತ್ತು, ಉಳಿದದ್ದು ಮೂರು, ಒಟ್ಟು 13.

ಕಳೆಯೋದು ಅಂದರೆ ತೆಗೆದುಹಾಕೋದು ಮಾತ್ರ ಅಂತ ಕಲಿಸಿದರೆ ಮುಂದೆ ತೊಂದರೆ. ‘ಅಕ್ಕನ ಹತ್ತಿರ 9, ತಮ್ಮನ ಹತ್ತಿರ 6. ಅಕ್ಕನಿಗೆ ಎಷ್ಟು ಜಾಸ್ತಿ?’ ಅಂದರೆ ಮಗು ಥಟ್ಟನೆ 15 ಅನ್ನುತ್ತದೆ. ಎರಡು ಸಾಲು ಮಾಡಿ ಎದುರುಬದುರು ಜೋಡಿಸಿ; ಜೋಡಿ ಸಿಗದೆ ಉಳಿದ ಮೂರು ಕಣ್ಣಿಗೇ ಕಾಣುತ್ತದೆ. ಅಂಗಡಿಯಲ್ಲೂ ಕಲಿಸಬಹುದು. 17 ರೂಪಾಯಿ ಸಾಮಾನಿಗೆ 20 ಕೊಟ್ಟಾಗ ‘ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು’ ಅಂತ ಚಿಲ್ಲರೆ ಎಣಿಸಿಕೊಳ್ಳಲಿ.

ಬರೆಯೋದು ಕೊನೆಗೆ. ಮೊದಲು ಸ್ಲೇಟಿನ ಮೇಲೆ ಸೊನ್ನೆ ಸುತ್ತಿ, ಕಳೆದದ್ದಕ್ಕೆ ಗೀಟು ಹೊಡೆಯಲಿ, ಆಮೇಲೆ +, − ಚಿಹ್ನೆ. ಕೈ, ಚಿತ್ರ, ಚಿಹ್ನೆ ಎಂಬ ಈ ಕ್ರಮವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲೇ ವಿವರಿಸಿದ್ದರು. ದಿನಕ್ಕೆ ಹತ್ತು-ಹದಿನೈದು ನಿಮಿಷ ಸಾಕು. 32ರಲ್ಲಿ 15 ಕಳೆಯುವ, ದಶಕ ಬಿಚ್ಚುವ ಲೆಕ್ಕಕ್ಕೆ ಈಗಲೇ ಅವಸರ ಬೇಡ. ಅದಕ್ಕೆ ಹತ್ತತ್ತು ಕಡ್ಡಿಯ ಕಟ್ಟು ಬೇಕು, ಅದು ಎರಡನೇ ಕ್ಲಾಸಿನ ಮಾತು.